ಸ್ವಾಮಿಯವರ ಕುರ್ಚಿಯಲ್ಲಿ

ತೆರೆಗೆ ಏಳು ಮೊಳೆಗಳಿರಬೇಕಿತ್ತು. ಮೂರನೆಯದು ಬಿದ್ದುಹೋಗಿತ್ತು. ಆ ಜಾಗದಲ್ಲಿ ಬಟ್ಟೆ ನಾಲ್ಕು ಬೆರಳಗಲ ಹರಿದು ಜೋತಾಡುತ್ತಿತ್ತು.

ದೇವನಹಳ್ಳಿಯಿಂದ ಆವತಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಅಲ್ಲಿಯ ಕ್ರೈಸ್ತರಾದ ನಾವು ಚರ್ಚನ್ನು ಗುಡಿ ಎಂದೇ, ಪಾದ್ರಿಗಳನ್ನು ಸ್ವಾಮಿಯವರು ಎಂದೇ ಕರೆಯುತ್ತೇವೆ. ನಾನು ಹೇಳುತ್ತಿರುವುದು ಆ ಗುಡಿಯಲ್ಲಿ ಪಾಪನಿವೇದನೆ ಮಾಡುವ ಮೂಲೆಯ ತೆರೆ. ಒಂದು ಕಡೆ ಸ್ವಾಮಿಯವರ ಕುರ್ಚಿ, ಇನ್ನೊಂದು ಕಡೆ ತಪ್ಪು ಹೇಳಿಕೊಳ್ಳುವವರು ಮಂಡಿಯೂರುವ ಹಲಗೆ, ನಡುವೆ ಜಾಲರಿ, ಜಾಲರಿಯ ಮೇಲೆ ಈ ಊದಾ ಬಟ್ಟೆ.

ಕಾರಣ ತಿಳಿಯದ ಅನುಭವಗಳನ್ನು ಬರೆಯುವವರನ್ನು ನಾನು ನಂಬುತ್ತಿರಲಿಲ್ಲ. ಸರಿಯಾಗಿ ನೋಡದೆ ಹೆದರಿದವರು ಎಂದುಕೊಳ್ಳುತ್ತಿದ್ದೆ. ಈಗ ನಾನೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಯುದ್ಧದ ದಿನಗಳು. ಬಿ.ಎ. ಪರೀಕ್ಷೆಗೆ ಓದಿಕೊಳ್ಳಲೆಂದು ಅಂದು ಬೆಳಗ್ಗೆಯಷ್ಟೇ ಬೆಂಗಳೂರಿನಿಂದ ಬಂದಿದ್ದೆ. ತಪಸ್ಸುಕಾಲ ಮುಗಿಯುತ್ತ ಬಂದಿತ್ತು. ಈಸ್ಟರಿಗೆ ಮೊದಲು ಊರೆಲ್ಲ ಪಾಪನಿವೇದನೆಗೆ ಸಾಲು ನಿಲ್ಲುವ ಸಮಯ. ಹೊಸ ಬಟ್ಟೆ ಸಿಗುತ್ತಿರಲಿಲ್ಲ. ನನ್ನನ್ನು ಸಾಕಿದ ಸೋದರತ್ತೆ, "ಬಿ.ಎ. ಓದ್ದೋಳ್ಗೆ ಒಂದು ಮೊಳೆ ಹೊಡಿಯಾಕೆ ಬರ್ತದೋ ಇಲ್ವೋ ನೋಡಾನ" ಎಂದು ಸೂಜಿ ದಾರ, ಸುತ್ತಿಗೆ ಕೊಟ್ಟು ಕಳಿಸಿದರು.

ಶನಿವಾರ, ನಾಲ್ಕು ಗಂಟೆಯ ಬಿಸಿಲು. ಸ್ವಾಮಿಯವರು ದೊಡ್ಡಬಳ್ಳಾಪುರಕ್ಕೆ ಹೋಗಿದ್ದರು. ಗುಡಿಯಲ್ಲಿ ಯಾರೂ ಇರಲಿಲ್ಲ. ಮೊಳೆಗಳು ಕುರ್ಚಿಯ ಕಡೆಯಿಂದ ಮಾತ್ರ ಕೈಗೆಟುಕುತ್ತಿದ್ದುದರಿಂದ ಅದರಲ್ಲೇ ಕುಳಿತು ಹರಿದದ್ದನ್ನು ಹೊಲಿದೆ. ಮೊಳೆಯನ್ನು ತುಟಿಗಳಲ್ಲಿ ಕಚ್ಚಿಕೊಂಡು ಬಟ್ಟೆಯನ್ನು ಎಳೆದು ಹಿಡಿದಾಗ ಆಚೆಯ ಹಲಗೆ ಕಿರುಗುಟ್ಟಿತು. ಬಳೆಗಳ ಸದ್ದಾಯಿತು.

"ಸ್ವಾಮ್ಯೋರೇ, ತೆಪ್ಪು ಮಾಡ್ಬುಟ್ಟಿವ್ನಿ."

ಹಿಂದಿನ ಬೀದಿಯ ಜ್ಞಾನಮ್ಮಜ್ಜಿಯ ದನಿ. ಮಾತಿನ ಕೊನೆಗೆ ಅದೇ ಸಣ್ಣ ಕೆಮ್ಮು. ನಾನು ಸ್ವಾಮಿಯಲ್ಲ ಎನ್ನಬೇಕಿತ್ತು, ಬಾಯಲ್ಲಿ ಮೊಳೆಯಿತ್ತು. ಅದನ್ನು ತೆಗೆಯುವಷ್ಟರಲ್ಲಿ ನನ್ನ ತಾಯಿಯ ಹೆಸರು ಕೇಳಿಸಿತು. ಆಮೇಲೆ ಬೇಕೆಂದೇ ಸುಮ್ಮನಿದ್ದೆ.

ನಾನು ಹನ್ನೊಂದು ದಿನದ ಕೂಸಾಗಿದ್ದಾಗ ನನ್ನ ತಾಯಿ ಬಾಣಂತಿ ಜ್ವರದಲ್ಲಿ ತೀರಿಕೊಂಡರು. ಕೊನೆಯ ಪಾಪನಿವೇದನೆಗಾಗಿ ತುಂಬ ಬೇಡಿಕೊಂಡರಂತೆ, ಸ್ವಾಮಿಯವರು ಊರಲ್ಲಿರಲಿಲ್ಲವಂತೆ. ಮನೆಯಲ್ಲಿ ನನಗೆ ಹೇಳಿದ್ದು ಇಷ್ಟೇ.

"ಲೂರ್ದಮ್ಮಂಗೆ ಅವಸರ, ನಿಮ್ಮುನ್ನ ಕರ್ಕೊಂಬಾ ಅಂತ ನನ್ನ ಕಳ್ಸುದ್ರು. ನನ್ ಮಗಳ ಬಗ್ಗೆ ಅವಳಾಡಿದ್ ಮಾತು ಮನ್ಸಲ್ಲಿತ್ತು. ಕೆರೆ ಏರಿ ಮೇಲೆ ಕುಂತಿದ್ದು, ಸ್ವಾಮ್ಯೋರು ಇಲ್ಲ ಅಂತ ಬಂದು ಹೇಳ್ಬುಟ್ಟೆ." ಕೆಮ್ಮು. "ಕ್ಷಮೆ ಐತಾ ಸ್ವಾಮಿ?"

ಆ ದನಿ ಇನ್ನೊಂದು ಸಲವೂ ಅದನ್ನೇ ಕೇಳಿತು. ಬಟ್ಟೆ ಸರಿಸಿ ನೋಡಿದಾಗ ಹಲಗೆಯ ಮೇಲೆ ಯಾರೂ ಇರಲಿಲ್ಲ. ಅಂಗಳದಲ್ಲೂ ಇರಲಿಲ್ಲ.

ಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದರು. ಜ್ಞಾನಮ್ಮಜ್ಜಿ ಗುಡಿಗೆ ಬಂದಿದ್ದರೇ ಎಂದು ಕೇಳಿದೆ.

"ಏನೇ ನೀನು! ಅವಳ್ಗೆ ಗುರುವಾರದಿಂದ ಬಾಯಿ ಬಿದ್ದೋಗದೆ. ಒಂದ್ ಕಡೆ ಕೈ ಕಾಲು ಆಡಲ್ಲ. ಸ್ವಾಮ್ಯೋರ್ನ ಕರ್ಕೊಂಬರಾಕೆ ಆಳು ಹೋಗವ್ನೆ."

"ಅಮ್ಮನಿಗಾಗಿ ಸ್ವಾಮಿಯವರನ್ನ ಕರೆಯೋಕೆ ಯಾರು ಹೋಗಿದ್ರು ಅತ್ತೆ?"

"ಯಾರೋ ಹೋಗಿದ್ರು. ಈಗ್ಯಾಕೆ ಅದು?" ಎಂದು ಮೊರದಲ್ಲಿ ಅಕ್ಕಿಯನ್ನು ಜೋರಾಗಿ ಕೇರಿದರು.

ರಾತ್ರಿಯೆಲ್ಲ ಒಂದೇ ಲೆಕ್ಕ. ಕೇಳಿದ್ದು ನಿಜವಾಗಿದ್ದರೆ ಆ ಮುದುಕಿ ನನ್ನ ಒಂದು ಮಾತಿಗಾಗಿ ಕಾಯುತ್ತಿದ್ದಾಳೆ. ಸುಳ್ಳಾಗಿದ್ದರೆ, ಕ್ಷಮಿಸಿದ್ದೇನೆ ಎಂದು ನಾನು ಹೇಳುವುದೇ ನಿರಪರಾಧಿಯ ಮೇಲೆ, ಅದೂ ಸಾಯುವ ಹೊತ್ತಿನಲ್ಲಿ, ಹೊರಿಸಿದ ಅಪವಾದ. ನಿಜವಾದರೂ ಕ್ಷಮಿಸಿದ್ದೇನೆಯೇ? ಅದೂ ತಿಳಿಯಲಿಲ್ಲ. ಇವತ್ತಿಗೂ ಯಾವುದೂ ತಿಳಿದಿಲ್ಲ.

ಭಾನುವಾರ ಬೆಳಗ್ಗೆ ಪೂಜೆಯ ಗಂಟೆಗೆ ಮುಂಚೆ ಅವರ ಮನೆಗೆ ಹೋದೆ. ಪೂಜೆಯಲ್ಲಿ ಸತ್ಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ನೀರೂ ಕುಡಿಯಬಾರದು, ನಾನು ಕುಡಿದಿರಲಿಲ್ಲ. ಅಜ್ಜಿ ಚಾಪೆಯ ಮೇಲೆ ಕಣ್ಣು ತೆರೆದು ಮಲಗಿದ್ದರು. ಬಲಗಣ್ಣಿನಿಂದ ನೀರು ಹರಿಯುತ್ತಿತ್ತು.

"ಅಳೋದಲ್ಲ ಕಣಮ್ಮ, ಮೂರ್ ದಿನದಿಂದ ಹಿಂಗೇ ಸುರೀತದೆ" ಎಂದಳು ಸೊಸೆ. "ರಾತ್ರಿ ಸ್ವಾಮ್ಯೋರು ಬಂದು ಕೊನೇ ಹೊತ್ತಿನ ಎಣ್ಣೆ ಹಚ್ಚೋದ್ರು. ಬಾಯೇ ಬರ್ನಿಲ್ಲ, ಏನಂತ ಪಾಪ ಹೇಳ್ಕೊಂಡಾಳು?" ಒಳಗೆ ಹೋಗಿ ಬೆಲ್ಲದ ಕಾಫಿ ತಂದು ನನ್ನ ಮುಂದೆ ಹಿಡಿದಳು.

ನಾನು ಅಜ್ಜಿಯ ಕಿವಿಯ ಹತ್ತಿರ ಬಗ್ಗಿದೆ. ಯಾರ ಮೇಲೂ ಏನೂ ಹೊರಿಸದ ಮಾತು ಇದೊಂದೇ ಸಿಕ್ಕಿತ್ತು.

"ಆಯ್ತು, ಬಿಡಿ."

ಅಜ್ಜಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಣ್ಣಿನ ನೀರು ಹಾಗೆಯೇ ಹರಿಯುತ್ತಿತ್ತು.

"ಅಯ್ಯೋ, ಪ್ರಸಾದ ತಗೋಬೇಕಲ್ವಾ ನೀವು, ಮರ್ತೇಬಿಟ್ಟೆ" ಎಂದು ಸೊಸೆ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು. ಆಗ ನನ್ನ ಮಾತು ನನಗೂ ಕಾಫಿ ಬೇಡ ಎಂದಂತೆಯೇ ಕೇಳಿಸಿತು.

ಪೂಜೆಯ ಗಂಟೆ ಹೊಡೆಯಿತು. ಆ ಮಾತು ಕಾಫಿಗೆ ಹೇಳಿದ್ದಾಗಿ ಉಳಿಯಬಾರದೆಂದು ನಾನು ಲೋಟವನ್ನು ಅವಳಿಂದ ಕೇಳಿ ತೆಗೆದುಕೊಂಡು, ಅಲ್ಲೇ ನಿಂತು, ಪೂರ್ತಿ ಕುಡಿದೆ.