ಮಗಳನ್ನು ಬಿಡಲೊಂದು ಜಾಗ

ಎರಡೂವರೆ ವರ್ಷದ ಮಗುವಿಗೆ ಜಡೆ ಹಾಕುವುದು ಗಂಡಸರಿಗೆ ಸಾಧ್ಯವಾಗದ ಕೆಲಸವೇನಲ್ಲ. ನನಗೆ ಮಾತ್ರ ಸಾಧ್ಯವಾಗಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹಾಕಿದ ಜಡೆ ಓಣಿಯ ತಿರುವು ದಾಟುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಬೈಲಹೊಂಗಲದ ಕಚೇರಿಯೊಂದರಲ್ಲಿ ಗುಮಾಸ್ತ. ಹೆಂಡತಿ ಶೈಲಾಳಿಗೆ ಕಾದು ಕಾದು ಶಿಕ್ಷಕಿಯ ನೌಕರಿ ಸಿಕ್ಕಿತು. ಸಿಕ್ಕಿದ್ದು ರಾಯಚೂರಿನ ಆಚೆಯ ಹಳ್ಳಿಯಲ್ಲಿ. ಅಲ್ಲಿ ಒಂದೇ ಕೋಣೆಯಲ್ಲಿ ಮೂವರು ಶಿಕ್ಷಕಿಯರು ಇರಬೇಕಿತ್ತು. ಹೀಗಾಗಿ ಮಗಳು ನೀಲಾ ನನ್ನ ಬಳಿ ಉಳಿದಳು.

ಮುರಗೋಡದಲ್ಲಿ ಅಣ್ಣನ ಮನೆಯಿತ್ತು. "ಕೂಸನ್ನ ಇಲ್ಲೇ ಬಿಡಪಾ, ನಮ್ಮ ಹುಡುಗರ ಕೂಡ ಅದೂ ಬೆಳೀತೈತಿ" ಎಂದು ಅತ್ತಿಗೆ ಮನಸಾರೆ ಕರೆದರು. ನೀರು ಬದಲಾದರೆ ಅವಳಿಗೆ ಕೆಮ್ಮು ಬರುತ್ತದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅವಳೂ ಹೋದರೆ ಸಂಜೆ ಬೀಗ ತೆಗೆದು ಆ ಮನೆಯೊಳಗೆ ಕಾಲಿಡುವ ಧೈರ್ಯ ನನಗಿರಲಿಲ್ಲ, ಅಷ್ಟೆ.

ಎರಡು ದಿನ ರಜೆ ಹಾಕಿ, ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಜಾಗ ಹುಡುಕಲು ಹೊರಟೆ. ಮೊದಲು ನೋಡಿದ್ದು ಒಂದು ಮಹಡಿಯ ಮೇಲಿನ ಇಂಗ್ಲಿಷ್ ನರ್ಸರಿ. ಅಲ್ಲೊಂದು ಚೆಂದದ ಜಾರುಬಂಡಿಯಿತ್ತು. ಯಾರೂ ಹತ್ತದಂತೆ ಅದಕ್ಕೆ ಹಗ್ಗ ಕಟ್ಟಿದ್ದರು. "ಬಣ್ಣ ಹೋಗತೈತ್ರಿ" ಎಂದರು ಅಲ್ಲಿ ಕಲಿಸುವ ಅಕ್ಕೋರು. ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿ, "ತಾಯಿ ಬರಲಿಲ್ಲೇನ್ರಿ?" ಎಂದರು. ಇಲ್ಲ ಎಂದೆ. ಶೈಲಾ ರಾಯಚೂರು ಕಡೆ ಆರಾಮಾಗಿದ್ದಾಳೆ ಎಂದು ವಿವರಿಸುವಷ್ಟರಲ್ಲಿ ಅವರು ಮಗುವಿನ ಗಲ್ಲ ಸವರಿ, ಕಣ್ಣು ಒರೆಸಿಕೊಂಡಾಗಿತ್ತು.

ಎರಡನೆಯದು ಶಿಶುವಿಹಾರ. ಮಧ್ಯಾಹ್ನ ಹನ್ನೆರಡೂವರೆಗೇ ಅದರ ಬಾಗಿಲು ಮುಚ್ಚುತ್ತಿತ್ತು. ಆ ಬೋರ್ಡಿನ ಕೆಳಗೆ ನಿಂತು ಸುಮ್ಮನೆ ಯೋಚಿಸಿದೆ: ವಿಹಾರವೆಂದರೆ ಅಡ್ಡಾಟ ಎಂದೇ ನಾವು ತಿಳಿದಿದ್ದೇವೆ, ಆದರೆ ಹಿಂದೆ ಬೌದ್ಧ ಭಿಕ್ಷುಗಳ ವಾಸಕ್ಕೂ ಅದೇ ಹೆಸರು. ಅಂದರೆ ಮನೆ ಬಿಟ್ಟು ಬಂದವರ ಮನೆ. ಭಿಕ್ಷುಗಳು ತಾವಾಗಿಯೇ ಮನೆ ಬಿಟ್ಟಿದ್ದರು. ಈ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಮರುದಿನ, ಕಚೇರಿಯ ಟೈಪಿಸ್ಟ್ ಒಬ್ಬರು ಹೇಳಿದ ಮಲ್ಲವ್ವನವರ ಮನೆಗೆ ಹೋದೆ. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ ಮೇಲೆ ಅವರು ನೌಕರಿಗೆ ಹೋಗುವ ತಾಯಂದಿರ ಏಳೆಂಟು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬೋರ್ಡಿಲ್ಲ, ಬೆಂಚಿಲ್ಲ, ಪಡಸಾಲೆಯ ತುಂಬ ಕೌದಿ ಹಾಸಿತ್ತು.

"ಏನೇನ ಕಲಸ್ತೀರ್ರಿ?" ಎಂದು ಗತ್ತಿನಿಂದ ಕೇಳಿದೆ.

"ಕಲಸೂದೇನ್ರಿ? ಉಣ್ತಾವು, ಮಲಗ್ತಾವು, ಜಗಳಾಡ್ತಾವು. ನಾ ನೋಡ್ಕೋತ ಕುಂದರ್ತೇನಿ" ಎಂದರು. ಹಾಗೆನ್ನುತ್ತಲೇ ನೀಲಾಳನ್ನು ಹತ್ತಿರ ಕರೆದು, ಬಿಚ್ಚಿದ ಜಡೆಯನ್ನು ಹೆಣೆಯತೊಡಗಿದರು. "ನಿಮ್ಮವ್ವ ಎಲ್ಲಿ ಹೋಗ್ಯಾಳವಾ?"

ನೀಲಾಳೆದುರು ತಾಯಿಯ ಹೆಸರೆತ್ತಬಾರದೆಂದು ನಾನು ಓಣಿಗೆಲ್ಲ ಹೇಳಿಟ್ಟಿದ್ದೆ. ಶೈಲಾ ಬಸ್ಸು ಹತ್ತಿದ ದಿನದಿಂದ ಮಗು ಒಮ್ಮೆಯೂ ಅತ್ತಿರಲಿಲ್ಲ. ಬಲು ತಿಳಿವಳಿಕೆಯ ಮಗು ಎಂದು ಕಂಡವರಲ್ಲೆಲ್ಲ ಹೇಳಿಕೊಂಡಿದ್ದೆ. ಈಗ ಅದರ ತುಟಿ ಸೊಟ್ಟಗಾಯಿತು. ಆಮೇಲೆ ಅದು ಅತ್ತ ಅಳು ಓಣಿಗೆಲ್ಲ ಕೇಳಿಸಿತು. ಎತ್ತಿಕೊಳ್ಳಲು ಹೋದೆ. ಮಲ್ಲವ್ವ ಕೈ ಅಡ್ಡ ಹಿಡಿದರು.

"ಬಿಡ್ರಿ ತಮ್ಮಾ, ಅಳಲಿ. ನಿಮ್ಮ ಮುಂದ ಅತ್ರ ನೀವ ಹೆದರ್ತೀರಂತ ಕೂಸಿಗೆ ಗೊತ್ತೈತಿ."

ನಾನು ಹೊರಗೆ ಬಂದು, ಬಿಗಿಯಾಗಿಯೇ ಇದ್ದ ಸೈಕಲ್ಲಿನ ಚೈನನ್ನು ಬಹಳ ಹೊತ್ತು ಪರೀಕ್ಷಿಸಿದೆ. ಮಗಳನ್ನು ಬಿಡುವ ಜಾಗ ಇದೇ ಎಂದು ಗೊತ್ತಾಗಿತ್ತು.

ಒಂದೂವರೆ ತಿಂಗಳ ಮೇಲೆ ಶೈಲಾ ಬಂದಳು. ಭಾನುವಾರ ನೀಲಾ ಹೊಸ್ತಿಲು ಎಡವಿ ಬಿದ್ದಳು. ಎತ್ತಿಕೊಳ್ಳಲು ಓಡಿ ಬಂದ ತಾಯಿಯ ಕೈಯಿಂದ ಕೊಸರಿಕೊಂಡು, "ಮಲ್ಲಜ್ಜಿ ಬೇಕು" ಎಂದು ಅತ್ತಳು. ಆಮೇಲೆ ಬಟ್ಟೆ ಮಡಚುತ್ತ ಶೈಲಾ, "ಬ್ಯಾರೆ ಕಡೆ ನೋಡೂಣೇನ್ರಿ?" ಎಂದಳು. ಒಂದೆರಡು ಸಲ ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ಅದನ್ನು ಹೇಳಲು ನಾಚಿಕೆಯಾಗಿ, "ನಾಳೆ ನೀನ ಒಮ್ಮೆ ಹೋಗಿ ನೋಡು" ಎಂದೆ.

ಮರುದಿನ ಮೂವರೂ ಹೋದೆವು. ನೀಲಾ ತಾಯಿಯ ಬೆರಳು ಬಿಟ್ಟು ಒಳಗೋಡಿ, ಮಕ್ಕಳನ್ನೆಲ್ಲ ಕೌದಿಯ ಮೇಲೆ ಸಾಲಾಗಿ ಕೂರಿಸಿದಳು. ಕೈಯಲ್ಲೊಂದು ಸೌಟು ಹಿಡಿದು ಎದುರು ನಿಂತಳು. "ಸುಮ್ಮ ಕುಂದರ್ರಿ. ನಾ ಅವ್ವ. ಸಾಲಿ ಸುರು ಆತು."

"ದಿನಾ ಇದ ಆಟ ನೋಡವಾ" ಎಂದರು ಮಲ್ಲವ್ವ. "ಬ್ಯಾರೆ ಯಾರಿಗೂ ಅವ್ವನ ಪಾಳಿ ಕೊಡಂಗಿಲ್ಲ."

ಶೈಲಾ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆ ಮಕ್ಕಳ ಸಾಲಿನ ಕೊನೆಯಲ್ಲಿ ಕೈಕಟ್ಟಿ ಕುಳಿತಳು.

ಮಧ್ಯಾಹ್ನ ಬಸ್ಸಿನ ಕಿಟಕಿಯಿಂದ, "ಅಲ್ಲೇ ಇರ್ಲಿ" ಎಂದಳು. ಬಸ್ಸು ಅಲುಗಿದ ಮೇಲೆ, "ನೀವ ಹೆಂಗ ಇರ್ತೀರಿ?" ಎಂದಳು. ಅಷ್ಟು ದಿನಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಎರಡು ವರ್ಷದ ಮೇಲೆ ಅವಳಿಗೆ ರಾಮದುರ್ಗದ ಹತ್ತಿರಕ್ಕೆ ವರ್ಗವಾಯಿತು, ವಾರಕ್ಕೊಮ್ಮೆ ಬರುವಂತಾದಳು. ಆದರೆ ಆ ಬಸ್ಸು ಹೋದ ಸೋಮವಾರದ ಸಂಜೆ ನನಗೆ ಇನ್ನೂ ನೆನಪಿದೆ. ಕರೆದೊಯ್ಯಲು ಹೋದ ನನ್ನನ್ನು ಬಾಗಿಲಲ್ಲೇ ತಡೆದು ನೀಲಾ ಹೇಳಿದಳು: "ಅಪ್ಪಾ, ಇನ್ನೊಂದೀಟ ತಡದು ಬಾ."

ಮಕ್ಕಳನ್ನು ಬಿಡಲು ಎಂಥ ಜಾಗ ನೋಡಬೇಕೆಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಇನ್ನೊಂದಿಷ್ಟು ತಡೆದು ಬಾ ಎಂದು ಮಗು ಹೇಳಿದರೆ ಜಾಗ ಒಳ್ಳೆಯದೆಂದು ತಿಳಿಯಿರಿ ಎನ್ನುತ್ತೇನೆ. ಆ ಇನ್ನೊಂದಿಷ್ಟು ಹೊತ್ತನ್ನು ನೀವು ಎಲ್ಲಿ ಕಳೆಯಬೇಕೆಂಬುದನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.