ಅರವತ್ತೇಳು ಹೆಜ್ಜೆ

ಥೇನ್ ರಾಸ್ಮುಸನ್ ಮೂವತ್ತೆಂಟು ವರ್ಷ ನೀರುಗಂಟಿಯಾಗಿದ್ದವರು. ಬೆಳಿಗ್ಗೆ ಐದಕ್ಕೆ ಕಾಲುವೆಯ ದಂಡೆ ಹಿಡಿದು ಹೊರಟು, ಯಾರ ಆಲೂಗಡ್ಡೆ ಹೊಲಕ್ಕೆ ಎಷ್ಟು ಹೊತ್ತು ನೀರು ಹೋಗಬೇಕೋ ಅಷ್ಟು ಹೊತ್ತು ತೂಬು ಎತ್ತಿ, ಹೊತ್ತು ಮುಗಿದ ನಿಮಿಷಕ್ಕೆ ಇಳಿಸುವುದು ಅವರ ಕೆಲಸ. ದಕ್ಷಿಣ ಐಡಹೊದ ನಮ್ಮ ಕಡೆ ವರ್ಷಕ್ಕೆ ಹತ್ತು ಅಂಗುಲ ಮಳೆ ಬಿದ್ದರೆ ದೊಡ್ಡದು. ನೀರಿನ ವಿಷಯದಲ್ಲಿ ಒಡಹುಟ್ಟಿದವರೂ ಒಬ್ಬರನ್ನೊಬ್ಬರು ನಂಬುವುದಿಲ್ಲ. ಥೇನ್ ಅವರನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು.

ಅವರ ಒಂದು ಹೆಜ್ಜೆ ಸರಿಯಾಗಿ ಮೂರು ಅಡಿ. ಒಮ್ಮೆ ಕಾಲುವೆ ದುರಸ್ತಿಗೆ ಬಂದ ಎಂಜಿನಿಯರು ಟೇಪು ಹಿಡಿದು ನಾನೂರ ಎಂಬತ್ತಮೂರು ಅಡಿ ಎಂದು ಬರೆದುಕೊಂಡದ್ದನ್ನು ಥೇನ್ ನಡೆದು ನೋಡಿ, ನಾನೂರ ಎಂಬತ್ತು ಅಂದರಂತೆ. ಮತ್ತೆ ಅಳೆದಾಗ ಟೇಪಿನ ತುದಿ ಮಡಚಿಕೊಂಡದ್ದು ಗೊತ್ತಾಯಿತು. ಈ ಕತೆಯನ್ನು ಅವರು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಊರಿನವರು ಹೇಳುತ್ತಾರೆ.

ನಾನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅವರ ಪರಿಚಯವಾದದ್ದು ಸೇಜ್ ಹೊಳೆಯ ದಂಡೆಯಲ್ಲಿ. ಪ್ರತಿ ಜುಲೈನಲ್ಲಿ ಅವರೂ ಅವರ ಹೆಂಡತಿ ನೋರೀನ್ ಅವರೂ ಅಲ್ಲಿನ ಬಯಲಿನಲ್ಲಿ ಹದಿನಾಲ್ಕು ದಿನ ಡೇರೆ ಹಾಕುತ್ತಾರೆ. ಮೂವತ್ತೊಂದು ವರ್ಷದಿಂದ ಒಂದು ಬೇಸಿಗೆಯನ್ನೂ ತಪ್ಪಿಸಿಲ್ಲ. ಅದು ಸರ್ಕಾರದ ನೆಲ. ಬಾಡಿಗೆ ಇಲ್ಲ, ಜಾಗ ಕಾಯ್ದಿರಿಸುವಂತಿಲ್ಲ, ನಲ್ಲಿಯಿಲ್ಲ, ಶೌಚಾಲಯವೂ ಇಲ್ಲ. ಮೊದಲು ಬಂದವರಿಗೆ ಹೊಳೆಯ ಪಕ್ಕದ ಮರದ ನೆರಳು, ಆಮೇಲೆ ಬಂದವರಿಗೆ ಬಿಸಿಲು. ಹದಿನೈದನೆಯ ದಿನ ಯಾರೇ ಆದರೂ ಜಾಗ ಬಿಟ್ಟು ಏಳಲೇಬೇಕು. ಹೊರಡುವಾಗ ಒಲೆಯ ಬೂದಿಗೆ ಬರಿಗೈ ಹಾಕಿ ತಣ್ಣಗಿದೆಯೇ ಎಂದು ನೋಡದೆ ಥೇನ್ ಕಾರು ಹತ್ತಿದವರಲ್ಲ.

ಶೌಚಾಲಯವಿಲ್ಲ ಎಂದರೆ ಸನಿಕೆ ಹಿಡಿದು ಹೋಗಬೇಕು. ನೀರಿನಿಂದ ಇನ್ನೂರು ಅಡಿ ಆಚೆ, ಆರೆಂಟು ಅಂಗುಲ ಆಳದ ಗುಂಡಿ, ಮುಗಿದ ಬಳಿಕ ಮೇಲೆ ಮಣ್ಣು. ನಿಯಮ ಇಷ್ಟೇ. ಆದರೆ ಬೆಳಗಿನ ಅವಸರದಲ್ಲಿ ಇನ್ನೂರು ಅಡಿ ಯಾರಿಗೂ ಇನ್ನೂರು ಅಡಿಯಾಗಿ ಉಳಿಯುವುದಿಲ್ಲ. ಮೊದಲೆಲ್ಲ ಜನ ಹತ್ತಿರದ ವಿಲೋ ಪೊದೆಯಲ್ಲೇ ಕೆಲಸ ಮುಗಿಸುತ್ತಿದ್ದರು. ಅದನ್ನು ಕಂಡು ಥೇನ್, ನೀರಿನ ಅಂಚಿನಿಂದ ಅರವತ್ತೇಳು ಹೆಜ್ಜೆ ನಡೆದು, ಅಲ್ಲಿ ಬಯಲಿನುದ್ದಕ್ಕೂ ಕಲ್ಲುಗಳನ್ನು ಸಾಲಾಗಿ ಇಟ್ಟರು. ಅರವತ್ತೇಳನ್ನು ಮೂರರಿಂದ ಗುಣಿಸಿದರೆ ಇನ್ನೂರ ಒಂದು. ಆ ಒಂದು ಅಡಿ ಅವರ ಧಾರಾಳ. ಸಾಲಿಗೆ ಜನ ‘ಥೇನ್ ಗೆರೆ’ ಎಂದು ಹೆಸರಿಟ್ಟರು. ಹೊಸದಾಗಿ ಬಂದವರಿಗೆ ಯಾರಾದರೂ ಒಬ್ಬರು, “ಗೆರೆ ದಾಟಿ ಹೋಗಿ,” ಎಂದು ಹೇಳಿಕೊಡುತ್ತಿದ್ದರು. ಭೂ ಇಲಾಖೆಯವರೂ ಅದನ್ನು ತೆಗೆಸಲಿಲ್ಲ.

ಈ ವರ್ಷ ಎರಡು ಸಂಗತಿ ನಡೆದವು. ಫೆಬ್ರವರಿಯಲ್ಲಿ ಥೇನ್ ಅವರ ಎಡ ಸೊಂಟದ ಕೀಲು ಬದಲಾಯಿಸಿದರು. ಏಪ್ರಿಲ್‌ನಲ್ಲಿ ಹಿಮ ಕರಗಿ ಬಂದ ನೆರೆ ದಂಡೆಯನ್ನು ಕೊರೆದು, ಕಲ್ಲಿನ ಸಾಲನ್ನೂ ಚೆಲ್ಲಾಪಿಲ್ಲಿ ಮಾಡಿತು. ಜುಲೈನಲ್ಲಿ ಬಂದ ಮೊದಲ ದಿನವೇ ಥೇನ್ ಹೊಸ ಅಂಚಿನಿಂದ ಅರವತ್ತೇಳು ಹೆಜ್ಜೆ ಎಣಿಸಿ ಗೆರೆಯನ್ನು ಮತ್ತೆ ಹಾಕಿದರು. ಕಲ್ಲು ಹೊತ್ತದ್ದು ಪಕ್ಕದ ಡೇರೆಯ ಲೈಲ್ ಪ್ರಾಥರ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಲೈಲ್, ಥೇನ್ ಅವರನ್ನು ಕೆಣಕುವುದಕ್ಕೆಂದೇ ಪ್ರತಿ ವರ್ಷ ಬರುತ್ತಾನೆ ಎನ್ನುವುದು ನೋರೀನ್ ಅವರ ಅಭಿಪ್ರಾಯ.

ಅವರು ಬಂದ ಐದನೆಯ ದಿನ ನಾನು ಹೋಗಿ, ಜನ ಈಜುವ ಮಡುವಿನಿಂದ ಎಂದಿನಂತೆ ಒಂದು ಸೀಸೆ ನೀರು ತಂದೆ. ಹೊಟ್ಟೆಯಿಂದ ಬರುವ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ನಾವು ಎಣಿಸುತ್ತೇವೆ. ಮನುಷ್ಯರದೋ ಪ್ರಾಣಿಗಳದೋ, ಮಲ ನೀರಿಗೆ ಸೇರಿದೆ ಎಂದು ಅದು ಹೇಳುತ್ತದೆ. ನೂರು ಮಿಲಿಲೀಟರಿಗೆ ನೂರಿಪ್ಪತ್ತಾರರ ಒಳಗಿರಬೇಕು. ಐನೂರ ಮೂವತ್ತು ಬಂತು.

ಗುರುವಾರ ನಾನೂ ಭೂ ಇಲಾಖೆಯ ಮೈತೆ ಉರಿಯಾರ್ಟೆಯೂ ‘ಈಜಬೇಡಿ’ ಎಂಬ ಹಲಗೆ ಹಿಡಿದು ಬಯಲಿಗೆ ಹೋದೆವು. ಮೈತೆ, ಕುರಿ ಮೇಯಿಸಲು ಕಡಲಾಚೆಯಿಂದ ಈ ಬೆಟ್ಟಗಳಿಗೆ ಬಂದ ಬಾಸ್ಕ್ ಮನೆತನದ ಮೊಮ್ಮಗಳು. ಬಯಲಿನ ಪ್ರತಿ ಪೊದೆ ಅವಳಿಗೆ ಗೊತ್ತು.

“ಮೊದ್ಲು ಕಾಫಿ ಕುಡಿ,” ಅಂದರು ನೋರೀನ್.

“ಕುಡೀತೀನಿ. ಆದ್ರೆ ಒಳ್ಳೆ ಸುದ್ದಿ ತಂದಿಲ್ಲ,” ಅಂದಳು ಮೈತೆ.

“ಯಾವತ್ತು ತಂದಿದ್ದೆ?” ಲೈಲ್ ತನ್ನ ಕುರ್ಚಿಯಿಂದಲೇ ಕೂಗಿದ. “ಹೋದ್ವರ್ಷ ಬೆಂಕಿ ಹಚ್ಬೇಡಿ ಅಂತ ಬಂದೆ. ಅದರ ಹಿಂದಿನ ವರ್ಷ ಕರಡಿ ಬಂದಿದೆ ಅಂತ ಬಂದೆ. ನಿನ್ನ ಗಾಡಿ ಕಂಡ್ರೆ ನನ್ನ ನಾಯಿ ಕೂಡ ಕಾರಿನ ಕೆಳಗೆ ಹೋಗುತ್ತೆ.”

ಮೈತೆ ನಗಲಿಲ್ಲ. ನೀರಿನ ಅಂಕಿ ಹೇಳಿದಳು. ಸೋಮವಾರ ಕಚೇರಿಯಲ್ಲಿ ಸಭೆ ಇದೆ, ಕೊಳೆ ಈ ಬಯಲಿನಿಂದಲೇ ಹೋಗಿದೆ ಎಂದು ತೀರ್ಮಾನವಾದರೆ ಇಲ್ಲಿ ಡೇರೆ ಹಾಕುವುದನ್ನು ನಿಲ್ಲಿಸುತ್ತಾರೆ ಎಂದಳು.

“ಈ ವರ್ಷಕ್ಕಾ?” ಥೇನ್ ಕೇಳಿದರು.

“ಒಂದ್ಸಲ ಮುಚ್ಚಿದ್ದನ್ನ ನಮ್ಮ ಕಚೇರಿ ಮತ್ತೆ ತೆಗೆದಿದ್ದು ನಾನು ನೋಡಿಲ್ಲ, ಥೇನ್.”

“ಇಲ್ಲಿಂದ ಹೋಗಿರೋಕೆ ಸಾಧ್ಯ ಇಲ್ಲ. ಗೆರೆ ಇದೆಯಲ್ಲ,” ಎಂದು ಥೇನ್ ಎದ್ದು, ಹಲಗೆ ನೆಡಲು ನಮ್ಮ ಜೊತೆ ಹೊಳೆಯ ಕಡೆ ನಡೆದರು. ನೋರೀನ್ ಪಕ್ಕದಲ್ಲಿ ಬಂದರು. ಗಂಡನ ಭುಜದ ಮಟ್ಟಕ್ಕೂ ಬಾರದ ಹೆಂಗಸು. ಗಂಡನ ಮುಖ ಬಾಡಿದ್ದು ಕಂಡು ನಗಿಸಲೆಂದೇ ಹೇಳಿದರು ಅಂತ ಕಾಣುತ್ತದೆ:

“ಈ ಹೊಸ ಸೊಂಟದಿಂದ ನಂಗೊಂದು ಉಪಕಾರ ಆಗಿದೆ ನೋಡು. ಮದುವೆಯಾಗಿ ನಲವತ್ತಾರು ವರ್ಷಕ್ಕೆ ಮೊದಲ ಸಲ ನಿನ್ನ ಪಕ್ಕದಲ್ಲಿ ನಡೀತಾ ಇದೀನಿ. ಮುಂಚೆ ನಿನ್ನ ಬೆನ್ನು ನೋಡ್ಕೊಂಡು ಓಡಿ ಬರ್ಬೇಕಿತ್ತು.”

ಥೇನ್ ಅಲ್ಲೇ ನಿಂತರು. ತಮ್ಮ ಬೂಟುಗಳನ್ನು ನೋಡಿಕೊಂಡರು. ನೋರೀನ್ ಬೂಟುಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿನ್ನ ಕಾರಲ್ಲಿ ಟೇಪ್ ಇದ್ಯಾ?”

ಇತ್ತು. ನೂರು ಅಡಿಯದು. ನೀರಿನ ಅಂಚಿನಲ್ಲಿ ಮೈತೆ ಹಿಡಿದಳು, ಗೆರೆಯ ಕಡೆ ನಾನು ಎಳೆದೆ. ಎರಡು ಸಲ ಅಳೆದೆವು. ನೂರ ಮೂವತ್ತೊಂಬತ್ತು ಅಡಿ, ಏಳು ಅಂಗುಲ.

ಥೇನ್ ತುಸು ಹೊತ್ತು ಮನಸ್ಸಿನಲ್ಲೇ ಭಾಗಿಸಿದರು. “ಇಪ್ಪತ್ತೈದು ಅಂಗುಲ. ಮೂವತ್ತಾರು ಇದ್ದ ಹೆಜ್ಜೆ ಇಪ್ಪತ್ತೈದಾಗಿದೆ. ನಂಗೆ ಗೊತ್ತೇ ಆಗಿಲ್ಲ.”

“ಡಾಕ್ಟ್ರು ಹೇಳಿದ್ರಲ್ಲ, ಸಣ್ಣ ಹೆಜ್ಜೆ ಇಡಿ ಅಂತ,” ಅಂದರು ನೋರೀನ್ ಮೆಲ್ಲಗೆ.

“ಇಡಿ ಅಂದ್ರು. ಇಡ್ತಿದೀನಿ ಅಂತ ಯಾರೂ ಹೇಳ್ಲಿಲ್ಲ.”

ಒಂಬತ್ತು ಡೇರೆಗಳ ಜನ ಒಂದು ವಾರದಿಂದ ಆ ಗೆರೆಯನ್ನು ನಂಬಿ ಗುಂಡಿ ತೋಡಿದ್ದರು. ಥೇನ್ ಮೈತೆಗೆ, “ಬರ್ಕೋ. ಗೆರೆ ಹಾಕಿದ್ದು ನಾನು, ಜನರ ತಪ್ಪಿಲ್ಲ. ಮುಚ್ಚೋದಾದ್ರೆ ನನ್ನನ್ನ ಒಬ್ಬನ್ನೇ ಹೊರಗೆ ಹಾಕಿ,” ಅಂದರು.

“ಹಾಗೆ ಒಬ್ಬರನ್ನ ಮುಚ್ಚೋ ಕಾಗದ ನಮ್ಮ ಹತ್ರ ಇಲ್ಲ, ಥೇನ್.”

ಒಂದು ಅಂಕಿಯಿಂದ ಕೊಳೆ ಇದೆ ಎಂದು ತಿಳಿಯುತ್ತದೆ, ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಹಾಗೆಂದು ನಾನು ಹೇಳಿದೆ.

“ಸಮಾಧಾನ ಮಾಡ್ಬೇಡ ನಂಗೆ,” ಅಂದರು ಥೇನ್.

“ಸಮಾಧಾನ ಅಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಿದೀನಿ. ಇವತ್ತು ಮೂರು ಕಡೆ ನೀರು ತಗೋತೀನಿ. ನಾಳೆ ಮೂರು ಗಂಟೆಗೆ ಗೊತ್ತಾಗುತ್ತೆ.”

ಅವರು ತಲೆಯಾಡಿಸಿ, ಡೇರೆಯಿಂದ ಡೇರೆಗೆ ಹೊರಟರು. ನಾನು ಸೀಸೆಗಳಿಗೆ ಗುರುತು ಬರೆಯುತ್ತಿರುವಾಗ ಅವರ ದನಿ ಕೇಳುತ್ತಿತ್ತು: ಗೆರೆ ತಪ್ಪಾಗಿದೆ, ಅರವತ್ತು ಅಡಿ ಹತ್ತಿರ ಬಿದ್ದಿದೆ, ತಪ್ಪು ನನ್ನದು. ಎಂಟು ಡೇರೆಯಲ್ಲೂ ಅದೇ ಮಾತು, ಒಂದಕ್ಷರ ಕಡಿಮೆ ಮಾಡದೆ. ಕೊನೆಯದು ಲೈಲ್ ಡೇರೆ.

“ನನ್ನ ಲೆಕ್ಕ ಬಿಡು,” ಅಂದ ಲೈಲ್. “ನಾನು ನಿನ್ನ ಗೆರೆ ದಾಟಿ ಇನ್ನೂ ನಲವತ್ತು ಹೆಜ್ಜೆ ಹೋಗ್ತೀನಿ. ಹದಿನೈದು ವರ್ಷದಿಂದ.”

“ಯಾಕೆ?”

“ಅಲ್ಲೊಂದು ಬಂಡೆ ಇದೆ. ಒರಗಿಕೊಂಡ್ರೆ ಹಿಮದ ಬೆಟ್ಟ ಕಾಣುತ್ತೆ. ನಿಂಗೆ ಹೇಳಿದ್ರೆ ಅಲ್ಲೂ ಒಂದು ಗೆರೆ ಎಳೀತಿದ್ದೆ.”

ಥೇನ್ ನಗಲಿಲ್ಲ. ಅದನ್ನು ಕಂಡು ಲೈಲ್ ಕುರ್ಚಿಯಿಂದ ಎದ್ದು, ಅವರ ಜೊತೆ ಹೋಗಿ ಟೇಪು ಹಿಡಿದು ಕಲ್ಲುಗಳನ್ನು ಇನ್ನೂರು ಅಡಿಗೆ ಸರಿಸಿದ.

ನಾನು ಬಯಲಿಗಿಂತ ಎರಡು ಮೈಲಿ ಮೇಲಿನ ಸೇತುವೆಯಲ್ಲಿ ಒಂದು, ಮಡುವಿನಲ್ಲಿ ಒಂದು, ಬಯಲು ದಾಟಿದ ಮೇಲೆ ಒಂದು ಸೀಸೆ ತುಂಬಿ ಐಸಿನಲ್ಲಿಟ್ಟೆ. ಹೊರಡುವಾಗ ನೋರೀನ್ ಕಾರಿನ ಕಿಟಕಿಗೆ ಬಂದರು.

“ಅವನದೇ ಅಂತ ಬಂದ್ರೆ ಮತ್ತೆ ಈ ಹೊಳೆ ಕಡೆ ತಲೆ ಹಾಕಲ್ಲ ಅಂತಾನೆ. ಹಾಕಲ್ಲ ಅಂದ್ರೆ ಹಾಕಲ್ಲ. ಇಷ್ಟು ವರ್ಷ ಬೇರೆಯವರ ನೀರು ಕಾದವನು. ತನ್ನಿಂದ ಒಂದು ಹೊಳೆ ಕೆಟ್ಟಿತು ಅಂತ ಇಟ್ಕೊಂಡು ಬದುಕೋ ಜಾತಿ ಅಲ್ಲ ಅವನು. ಸುದ್ದಿ ಏನೇ ಇರ್ಲಿ, ನೀನೇ ಬಂದು ಹೇಳು. ಹಲಗೆ ಮೇಲೆ ಓದೋ ಹಾಗೆ ಮಾಡ್ಬೇಡ.”

ಶುಕ್ರವಾರ ಮೂರು ಗಂಟೆಗೆ ತಟ್ಟೆಗಳನ್ನು ಕಾವುಪೆಟ್ಟಿಗೆಯಿಂದ ತೆಗೆದು ಅತಿನೇರಳೆ ದೀಪದ ಕೆಳಗಿಟ್ಟೆ. ತಟ್ಟೆಯ ಸಣ್ಣ ಗುಳಿಗಳಲ್ಲಿ ಬ್ಯಾಕ್ಟೀರಿಯಾ ಇರುವವು ನೀಲಿಯಾಗಿ ಹೊಳೆಯುತ್ತವೆ. ಅವುಗಳನ್ನು ಎಣಿಸಿ, ನೀರಿನಲ್ಲಿ ಎಷ್ಟಿದೆ ಎಂದು ಕೋಷ್ಟಕದಲ್ಲಿ ನೋಡಬೇಕು. ಮಡುವಿನದನ್ನು ಮೊದಲು ಎಣಿಸಿದೆ: ಐನೂರ ಐವತ್ತೈದು. ಬಯಲಿನ ಕೆಳಗಿನದು ಐನೂರ ಇಪ್ಪತ್ತು. ಮೇಲಿನ ಸೇತುವೆಯದು ಆರುನೂರ ನಲವತ್ತು. ಅದನ್ನು ಇನ್ನೊಮ್ಮೆ ಎಣಿಸಿದೆ. ಸಹೋದ್ಯೋಗಿಗೂ ಎಣಿಸಲು ಹೇಳಿದೆ. ಆರುನೂರ ನಲವತ್ತೇ.

ನೀರು ಬಯಲಿಗೆ ಬರುವ ಮುಂಚೆಯೇ ಕೆಟ್ಟಿತ್ತು. ಬಯಲು ಅದಕ್ಕೆ ಏನನ್ನೂ ಸೇರಿಸಿಲ್ಲ ಎಂದು ನಾನು ಆಣೆ ಮಾಡಲಾರೆ; ಅಳೆಯಲು ಸಿಗುವಷ್ಟು ಸೇರಿಸಿಲ್ಲ.

ಮೈತೆಗೆ ಫೋನು ಮಾಡಿ ಹೇಳಿದೆ. ಅವಳು ಕಚೇರಿಯಿಂದ ನೇರ ಹೊಳೆಯ ಮೇಲ್ಗಡೆಗೆ ಗಾಡಿ ಓಡಿಸಿದಳು. ಬಯಲಿನಲ್ಲಿ ಫೋನು ಹಿಡಿಯುವುದಿಲ್ಲವಾದ್ದರಿಂದ ನಾನು ಕಾರು ಹತ್ತಿದೆ. ನಲವತ್ತನಾಲ್ಕು ಮೈಲಿ, ಕೊನೆಯ ಒಂಬತ್ತು ಜಲ್ಲಿ ರಸ್ತೆ. ಜಲ್ಲಿಯ ಮೇಲೆ ಅಷ್ಟು ಜೋರಾಗಿ ನಾನು ಹಿಂದೆಂದೂ ಓಡಿಸಿರಲಿಲ್ಲ.

ರಾಸ್ಮುಸನ್ ಡೇರೆ ಇಳಿದಿತ್ತು. ಕಂಬಗಳನ್ನು ಕಟ್ಟಿ ಮರಕ್ಕೆ ಒರಗಿಸಿದ್ದರು. ಕ್ಯಾನ್ವಾಸು ಮಡಚುವುದು ಅರ್ಧವಾಗಿತ್ತು. ನೆಲಕ್ಕೆ ಹಾಸಿದ್ದ ತಾಡಪಾಲು ಮಾತ್ರ ಹಾಗೇ ಇತ್ತು. ಕಾರು ನಿಂತದ್ದು ಕಂಡು ಥೇನ್ ಕೈಯಲ್ಲಿದ್ದ ಹಗ್ಗ ಬಿಡದೆ ನಿಂತರು.

“ಮೊದ್ಲು ಅಂಕಿ ಹೇಳು. ಆಮೇಲೆ ಅರ್ಥ ಹೇಳು.”

“ಮೇಲೆ ಆರುನೂರ ನಲವತ್ತು. ಇಲ್ಲಿ ಐನೂರ ಐವತ್ತೈದು. ಕೆಳಗೆ ಐನೂರ ಇಪ್ಪತ್ತು.”

ಅವರಿಗೆ ಅರ್ಥ ಹೇಳಬೇಕಾಗಲಿಲ್ಲ. ಮೇಲಿನ ತೂಬಿನಿಂದ ಕೆಳಗಿನ ತೂಬಿಗೆ ಲೆಕ್ಕ ಹಾಕಿಯೇ ಜೀವ ಸವೆಸಿದವರು.

“ಇನ್ನೊಂದ್ಸಲ ಹೇಳು,” ಅಂದರು.

ಹೇಳಿದೆ. ನೋರೀನ್ ಐಸುಪೆಟ್ಟಿಗೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. “ದೇವರು ದೊಡ್ಡವನು. ಈ ಮನುಷ್ಯ ನಿನ್ನೆಯಿಂದ ಒಂದು ಆಲೂಗಡ್ಡೆ ತಿಂದಿಲ್ಲ, ಕಣ್ಣು ಮುಚ್ಚಿಲ್ಲ, ನನ್ನನ್ನೂ ಮುಚ್ಚೋಕೆ ಬಿಟ್ಟಿಲ್ಲ.”

ಅಷ್ಟರಲ್ಲಿ ಮೈತೆಯ ಗಾಡಿ ಬಂತು. ಮೊಣಕಾಲಿನವರೆಗೆ ಕೆಸರಾಗಿದ್ದಳು.

“ಮೂವತ್ತಾರು!” ಇಳಿಯುವ ಮೊದಲೇ ಕೂಗಿದಳು. “ಮೂವತ್ತಾರು ಹಸು, ಸೇತುವೆಗಿಂತ ಮೇಲಿನ ಹೊಳೆಯ ತಿರುವಲ್ಲಿ! ಹೊಳೆಗೆ ಅಡ್ಡ ಕಟ್ಟಿದ್ದ ಬೇಲಿ ನೆರೆಗೆ ಕಿತ್ಕೊಂಡು ಹೋಗಿದೆ, ಯಾರೂ ನೋಡಿಲ್ಲ. ಬಿಸಿಲಿಗೆ ಹೊಟ್ಟೆ ಮಟ್ಟ ನೀರಲ್ಲಿ ನಿಂತಿವೆ, ಬಾಲ ಎತ್ಕೊಂಡು. ಆ ಹಸು ಸಾಕಿರೋ ದೊಡ್ಡಿಯವರು ನಾಳೆ ಬೆಳಿಗ್ಗೆ ಬೇಲಿ ಕಟ್ತಾರೆ. ಸೋಮವಾರ ಬಯಲು ಮುಚ್ಚೋ ಮಾತೇ ಇಲ್ಲ, ಮೇಲಿನವರ ಹತ್ರ ಈಗಷ್ಟೇ ರೇಡಿಯೋದಲ್ಲಿ ಮಾತಾಡ್ದೆ. ಈಜಬೇಡಿ ಅನ್ನೋ ಹಲಗೆ ಮಾತ್ರ ನೀರು ತಿಳಿಯಾಗೋವರೆಗೂ ಇರುತ್ತೆ.”

“ಹಸುಗಳಿಗೂ ಒಂದು ಗೆರೆ ಹಾಕ್ಕೊಡು ಥೇನ್,” ಅಂದ ಲೈಲ್.

ಥೇನ್ ಕೊನೆಗೂ ನಕ್ಕರು. ಸದ್ದಿಲ್ಲದ ನಗೆ, ಭುಜ ಮಾತ್ರ ಕುಲುಕಿತು. ಆಮೇಲೆ ಅಂದರು: “ಆದ್ರೂ ಗೆರೆ ತಪ್ಪಿತ್ತು.”

“ತಪ್ಪಿತ್ತು. ಸರಿ ಮಾಡಿದ್ದೂ ಆಯ್ತು,” ನೋರೀನ್ ಎದ್ದರು. “ಇನ್ನು ಆರು ದಿನ ಇದೆ ನಮಗೆ. ಡೇರೆ ಇಳಿಸಿದವನು ನೀನು, ಏರಿಸೋನೂ ನೀನೇ. ನಾನು ಒಂದು ಗೂಟಾನೂ ಮುಟ್ಟಲ್ಲ.”

“ಏರಿಸ್ತೀನಿ ಕಣೇ. ಎರಡು ನಿಮಿಷ ಕೂತ್ಕೊಂಡು ಎದ್ದೇಳ್ತೀನಿ,” ಎಂದು ಥೇನ್ ತಾಡಪಾಲಿನ ಮೇಲೆ, ಹೊಸ ಸೊಂಟವನ್ನು ಜೋಪಾನ ಮಾಡುತ್ತ ಕೂತರು. ಆಮೇಲೆ ಒರಗಿದರು. ನೋರೀನ್ ಆಲೂಗಡ್ಡೆ ಹೆಚ್ಚಿ ಬಾಣಲೆಗೆ ಹಾಕುವಷ್ಟರಲ್ಲಿ ಗೊರಕೆ ಕೇಳಿಸಿತು.

ಲೈಲ್ ಹತ್ತಿರ ಹೋಗಿ ನೋಡಿ ಬಂದ. “ಸರಿಯಾಗಿ ಡೇರೆ ನಿಲ್ಲೋ ಜಾಗದಲ್ಲೇ ಮಲಗಿದಾನೆ. ಎಬ್ಬಿಸ್ಲಾ?”

“ಎಬ್ಬಿಸಿದ್ರೆ ನಿನ್ನ ಕೈ ಮುರೀತೀನಿ,” ಅಂದರು ನೋರೀನ್.

ಹಾಗಾಗಿ ನಾವು ಡೇರೆಯನ್ನು ಅವರ ಸುತ್ತಲೇ ಏರಿಸಿದೆವು. ಮೈತೆ ಮತ್ತು ಲೈಲ್ ಕಂಬ ನಿಲ್ಲಿಸಿದರು, ನಾನು ಹಗ್ಗ ಎಳೆದೆ. ಗೂಟಗಳಿಗೆ ಸದ್ದಾಗದಿರಲೆಂದು ಕಲ್ಲಿಗೆ ಟವಲು ಸುತ್ತಿ ಹೊಡೆದೆವು. ಮುಟ್ಟುವುದಿಲ್ಲ ಎಂದಿದ್ದ ನೋರೀನ್, ನನ್ನ ಗಂಟುಗಳನ್ನು ಕಂಡು ತಲೆ ಚಚ್ಚಿಕೊಂಡು ನಾಲ್ಕನ್ನೂ ಬಿಚ್ಚಿ ತಾವೇ ಕಟ್ಟಿದರು. ಕ್ಯಾನ್ವಾಸು ಮೇಲೇರಿ ಮುಖದ ಮೇಲೆ ನೆರಳು ಬಿದ್ದಾಗ ಥೇನ್ ಒಮ್ಮೆ ಮಗ್ಗುಲು ಬದಲಿಸಿದರು, ಕಣ್ಣು ತೆರೆಯಲಿಲ್ಲ.