ಎಸ್ತರಮ್ಮ ಹಿಡಿದ ಕೈ

“ಎದ್ದೇಳಮ್ಮ, ಇದು ಆಸ್ಪತ್ರೆ, ಚರ್ಚಲ್ಲ!” ಎಂದು ಸೆಕ್ಯುರಿಟಿಯವನು ಗದರಿದ. ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರ್ ಮುಂದೆ ಮಂಡಿಯೂರಿದ್ದ ತೆರಕಣಾಂಬಿಯ ಎಸ್ತರಮ್ಮ ಏಳಲಿಲ್ಲ.

“ಒಳಗೆ ನನ್ ಮಗಳವ್ಳೆ ಕಣಪ್ಪ. ದಾರಿಗಡ್ಡ ಆದ್ರೆ ಸರ್ಕತೀನಿ, ಯೇಸಪ್ಪನ್ನ ಕರೆಯೋದ್ ಮಾತ್ರ ನಿಲ್ಸಕಿಲ್ಲ.”

ಗೋಡೆಯ ಪಕ್ಕಕ್ಕೆ ಸರಿದ ಎಸ್ತರಮ್ಮ, ಅಲ್ಲೇ ನಿಂತಿದ್ದ ನನ್ನನ್ನು ನೋಡಿದರು. ನನ್ನ ಯಜಮಾನರನ್ನೂ ಆಗಷ್ಟೇ ಒಳಗೆ ಕರೆದೊಯ್ದಿದ್ದರು. ನನ್ನ ಕೈ ಹಿಡಿದು, ಯಜಮಾನರ ಹೆಸರು ಕೇಳಿಕೊಂಡು, ಅವರಿಗೂ ಸೇರಿಸಿ ಪ್ರಾರ್ಥಿಸಿದರು. ನಾವು ಮನೆದೇವರು ಮಾದಪ್ಪನ ಒಕ್ಕಲು. ಆದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅವರ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿಕೊಂಡೆ. ಸಂಜೆಯ ಹೊತ್ತಿಗೆ ಅವರ ಮಗಳು, ನನ್ನ ಯಜಮಾನರು ಇಬ್ಬರೂ ಹುಷಾರಾಗಿ ವಾರ್ಡಿಗೆ ಬಂದರು.

“ಆ ಚರ್ಚಿನವರ ಕೈಲಿ ಪ್ರಾರ್ಥನೆ ಮಾಡಿಸ್ದ್ಯಾ?” ಎಂದು ನಮ್ಮ ಹರದನಹಳ್ಳಿಯಲ್ಲಿ ನೆಂಟರು ಈಗಲೂ ಕೊಂಕು ತೆಗೆಯುತ್ತಾರೆ. ಹೌದು, ಮಾಡಿಸಿದೆ. ಆ ದಿನ ನನಗೆ ನೆಮ್ಮದಿ ಸಿಕ್ಕಿದ್ದು ಅಲ್ಲೇ ಎಂದು ಮುಖಕ್ಕೇ ಹೇಳುತ್ತೇನೆ.